ಜಗಲಿಯ ಮೇಲೊಂದು ಕೌದಿ

ಕಳೆದ ಮಳೆಗಾಲದಲ್ಲಿ ನಮ್ಮ ಗೆಳೆಯರ ಸಭೆಯಲ್ಲಿ ಒಂದು ಸಲಹೆ ಬಂದಿತು. ಹಳ್ಳಿಯ ಹೆಣ್ಣುಮಕ್ಕಳಿಗೆ ಕೌದಿ ಹೊಲಿಯುವ ತರಬೇತಿ ಕೊಡಿಸಬೇಕು, ಅದಕ್ಕಾಗಿ ಪೇಟೆಯಿಂದ ಹೊಸ ಬಟ್ಟೆಯ ತಾನುಗಳನ್ನು ತರಿಸಬೇಕು, ಹೊಲಿದದ್ದನ್ನು ನಗರದ ಮೇಳಗಳಲ್ಲಿ ಮಾರಬೇಕು ಎಂಬುದು ಅದರ ಸಾರಾಂಶ. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೂ ಹೊಸ ಬಟ್ಟೆಯನ್ನು ಕತ್ತರಿಸಿ ಚೂರು ಮಾಡಿ, ಆ ಚೂರುಗಳನ್ನೇ ಮತ್ತೆ ಜೋಡಿಸಿ ಅದನ್ನು ಕೌದಿ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಅಂದು ಸಭೆಯಲ್ಲಿ ಹೇಳಲಾಗದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ನಾನು ಪಂಡಿತನೇನಲ್ಲ. ಬಂದಳಿಕೆಯ ಆಸುಪಾಸಿನ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಿವೃತ್ತಿಯ ಮೊದಲ ವರ್ಷ ಕೈಗೆ ಕೆಲಸವಿಲ್ಲದೆ ತೊಳಲಿದ್ದನ್ನು ಕಂಡು ನಮ್ಮ ಅಕ್ಕ ಒಂದು ಸೂಜಿ ಕೊಟ್ಟು, "ಬಾರೋ ತಮ್ಮಾ, ಈ ಅಂಚನ್ನಾದರೂ ಹೊಲಿ" ಎಂದಳು. ಮೊದಲ ಸಾಲು ಹಾವು ಹರಿದಂತೆ ವಕ್ರವಾಗಿತ್ತು. ಅಕ್ಕ ಅದನ್ನು ಬಿಚ್ಚಿಸಲಿಲ್ಲ, ನಕ್ಕು ಹಾಗೆಯೇ ಬಿಟ್ಟಳು. ಇಂದಿಗೂ ಆ ಕೌದಿಯನ್ನು ಹೊದೆದಾಗಲೆಲ್ಲ ಬೆರಳು ಆ ಸಾಲಿನ ಮೇಲೆ ಹೋಗುತ್ತದೆ. ದಾರಿಹೋಕರು ಮಾತ್ರ ಸುಮ್ಮನಿರಲಿಲ್ಲ. "ಏನ್ ಮೇಷ್ಟ್ರೇ, ಪಿಂಚಣಿ ಸಾಲ್ತಿಲ್ವಾ?" ಎಂದು ಕೇಳಿದವರಿದ್ದಾರೆ. ಗಂಡಸು ಜಗಲಿಯ ಮೇಲೆ ಕುಳಿತು ಹಳೆಯ ಸೀರೆ ಹೊಲಿಯುವುದು ಅವಮಾನದ ಸಂಗತಿಯೆಂದು ನಮ್ಮ ಊರು ಇನ್ನೂ ನಂಬಿದೆ. ಇಸ್ಪೀಟು ಆಡಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ!

ಕೌದಿಯ ವಿಧಾನ ಸರಳವಾದುದು. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಯೊಂದನ್ನು ಮಡಿಸಿ ತಳಕ್ಕೆ ಹಾಸುತ್ತಾರೆ. ಅದರ ಮೇಲೆ ಹಳೆಯ ಪಂಚೆ, ಹರಿದ ಅಂಗಿಯ ಬೆನ್ನಿನ ಭಾಗ, ಮಕ್ಕಳ ಲಂಗದ ತುಂಡುಗಳನ್ನು ಸುಕ್ಕಿಲ್ಲದಂತೆ ಹರವುತ್ತಾರೆ. ಮೇಲ್ಪದರಕ್ಕೆ ಬಣ್ಣ ಉಳಿದಿರುವ ತೇಪೆಗಳನ್ನು ಜೋಡಿಸುತ್ತಾರೆ. ಆಮೇಲೆ ದಪ್ಪ ದಾರದಲ್ಲಿ ಅಂಚಿನಿಂದ ಆರಂಭಿಸಿ, ಸಾಲಿನ ಪಕ್ಕಕ್ಕೆ ಸಾಲು ಬರುವಂತೆ ಎಲ್ಲ ಪದರಗಳನ್ನೂ ಹಿಡಿದು ಹೊಲಿಯುವುದು. ಹೊಲಿಗೆ ಒತ್ತಾದಷ್ಟೂ ಬಾಳಿಕೆ ಹೆಚ್ಚು. ಕೌದಿಯ ಬೆಲೆ ಬಟ್ಟೆಯಲ್ಲಿಲ್ಲ, ಹೊಲಿದವರ ಹೊತ್ತಿನಲ್ಲಿದೆ. ದೊಡ್ಡವರು ಹೊದೆಯುವಂಥ ಒಂದು ಕೌದಿಗೆ ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಗುತ್ತದೆ. ಅಕ್ಕನಿಗೆ ಅದರರ್ಧ ಸಾಕು.

ನಿವೃತ್ತನಿಗೆ ಎಲ್ಲ ದಿನವೂ ಭಾನುವಾರವೇ ಎನ್ನುತ್ತಾರೆ. ಆದರೆ ಅಡಿಕೆ ತೋಟವೂ ಎರಡು ಎಮ್ಮೆಗಳೂ ಇರುವ ಮನೆಯಲ್ಲಿ ಅದು ಸುಳ್ಳು. ಶಾಲೆಯ ದಿನಗಳ ರೂಢಿಯಂತೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ನಾನು ಬೇರೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಟಿ.ವಿ. ಹಾಕುವುದಿಲ್ಲ, ಮೊಬೈಲ್ ಒಳಗಿರುತ್ತದೆ. ಜಡಿಮಳೆಯ ಸದ್ದು, ನಡುನಡುವೆ ಅಕ್ಕನ ಒಂದು ಮಾತು, ಇಷ್ಟೇ. ಒಂದೊಂದು ತುಂಡು ಕೈಗೆ ಬಂದಾಗ ಅದು ಯಾರ ಬಟ್ಟೆ, ಯಾವ ಮದುವೆಗೆ ತಂದದ್ದು ಎಂದು ಅಕ್ಕ ಹೇಳುತ್ತಾಳೆ. ವಾರಾಂತ್ಯವೆಂದರೆ ಕಾರು ಹತ್ತಿ ಬೆಟ್ಟಕ್ಕೆ ಹೋಗಿ, ಬಾಟಲಿ ಎಸೆದು ಹಿಂದಿರುಗುವುದು ಎಂಬ ಇಂದಿನ ರೂಢಿಗೆ ಮಲೆನಾಡಿನ ಬೆಟ್ಟಗಳು ತೆರುತ್ತಿರುವ ಬೆಲೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಜಗಲಿಯ ಮೇಲಿನ ಈ ಬಿಡುವಿಗೆ ಒಂದು ಹನಿ ಪೆಟ್ರೋಲೂ ಬೇಡ.

ಬಿಡುವಿನ ಮಾತು ಬಂದಾಗ ನನಗೆ ಜಕ್ಕಿಯಬ್ಬೆ ನೆನಪಾಗುತ್ತಾಳೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡನ ನಿಧನಾನಂತರ ನಾಗರಖಂಡ ಎಪ್ಪತ್ತರ ಆಡಳಿತವನ್ನು ವಹಿಸಿಕೊಂಡವಳು ಆಕೆ. ದೇಹಕ್ಕೆ ವ್ಯಾಧಿ ಬಂದಾಗ ಮಗಳನ್ನು ಕರೆಸಿ, ಎಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಗೆ ಬಂದು ವ್ರತ ಹಿಡಿದು ದೇಹ ಬಿಟ್ಟಳೆಂದು ಶಾಸನ ಹೇಳುತ್ತದೆ. ಆ ಬಂದಣಿಕೆಯೇ ನಮ್ಮ ಬಂದಳಿಕೆ. ಅವಳ ಕಠಿಣ ವ್ರತಕ್ಕೂ ನನ್ನ ಸೂಜಿದಾರಕ್ಕೂ ಹೋಲಿಕೆ ಕಟ್ಟುವ ಉದ್ಧಟತನ ನನ್ನದಲ್ಲ. ಆದರೆ ಅಧಿಕಾರವನ್ನು ಹೊತ್ತಿಗೆ ಸರಿಯಾಗಿ ಮಗಳ ಕೈಗೆ ಕೊಟ್ಟು ಹೊರಟವಳ ನೆಲದಲ್ಲಿ, ನಿವೃತ್ತರಾದ ನಾವು ಇನ್ನೂ ಸಹಕಾರ ಸಂಘದ ಕುರ್ಚಿಗೆ ಜೋತುಬಿದ್ದಿರುವುದನ್ನು ಕಂಡು ನಾಚಿಕೆಯಾಗುತ್ತದೆ.

ಇನ್ನು ನನ್ನ ಆಕ್ಷೇಪಣೆಯ ಮೂಲಕ್ಕೆ ಬರುತ್ತೇನೆ. ಕೌದಿಗೆ ಇಂದು ಕೊರತೆಯಿರುವುದು ತರಬೇತಿಯದಲ್ಲ, ಹಳೆಯ ನೂಲಿನ ಬಟ್ಟೆಯದು. ನಮ್ಮ ಮನೆಯ ಟ್ರಂಕಿನಲ್ಲಿ ಈಗ ಎರಡೇ ನೂಲಿನ ಸೀರೆಗಳು ಉಳಿದಿವೆ, ಎರಡೂ ತೀರಿಹೋದ ಅವ್ವನವು. ಸೊಸೆಯಂದಿರ ಸೀರೆಗಳೆಲ್ಲ ಪಾಲಿಯೆಸ್ಟರಿನವು. ಅವು ಪದರ ಪದರವಾಗಿ ಜಾರುತ್ತವೆ, ಬೆವರು ಹೀರುವುದಿಲ್ಲ, ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಪಾಲಿಯೆಸ್ಟರ್ ಹುಟ್ಟುವುದು ಹೊಲದಲ್ಲಲ್ಲ, ಪೆಟ್ರೋಲಿಯಂನಿಂದ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ, ಹರಿದ ಮೇಲೆ ಹಿತ್ತಿಲಲ್ಲಿ ಸುಟ್ಟರೆ ವಿಷದ ಹೊಗೆ. ನೂಲಿನ ಕೌದಿಯಾದರೆ ಹೊದಿಕೆಯಾಗಿ ಸವೆದು, ಹಾಸಾಗಿ, ಕಾಲೊರಸಾಗಿ, ಕೊನೆಗೆ ತಿಪ್ಪೆ ಸೇರಿ ಮಣ್ಣಾಗುತ್ತಿತ್ತು. ಜಗತ್ತಿನಲ್ಲಿ ಬಟ್ಟೆಗೆಂದು ಬಳಸುವ ವಸ್ತುವಿನಲ್ಲಿ ಮತ್ತೆ ಹೊಸ ಬಟ್ಟೆಯಾಗುವುದು ಶೇಕಡಾ 1ಕ್ಕಿಂತ ಕಡಿಮೆ ಎಂದು 2017ರಲ್ಲಿ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಷನ್ ವರದಿ ಮಾಡಿತು. ಸಂತೆಯಲ್ಲಿ ಅಗ್ಗವಾಗಿ ಸಿಗುವ ಮಿರುಗುವ ರಗ್ಗನ್ನು ಹೆಗಲ ಮೇಲೆ ಹೊತ್ತು ತರುವಾಗ ನಾವು ಈ ಲೆಕ್ಕವನ್ನು ಕೇಳುವುದಿಲ್ಲ. ಕೊಳ್ಳುಬಾಕತನ ಎಂಬುದು ನಗರದವರ ರೋಗ ಮಾತ್ರವಲ್ಲ.

ಕೌದಿಯನ್ನು ಮಾರಲೇಬಾರದು ಎಂದು ನಾನು ಹೇಳುತ್ತಿಲ್ಲ. ಬನವಾಸಿಯಾಚೆ ಮುಂಡಗೋಡು, ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಇಂದು ಹೊರದೇಶಗಳಲ್ಲೂ ಪ್ರದರ್ಶನಗೊಂಡಿವೆ. ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ತಲುಪುವುದು, ನಾಲ್ಕು ಮೂಲೆಗೂ ಬಟ್ಟೆ ಮಡಿಚಿ 'ಫುಲ' ಎಂಬ ಹೂವನ್ನು ಇಡುವುದು ಅವರ ಕ್ರಮ. ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರೂ ಅವರ ಪೂರ್ವಜರಲ್ಲಿದ್ದರು. 2003ರಲ್ಲಷ್ಟೇ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅಂತಹ ಕೈಗಳಿಗೆ ನಾಲ್ಕು ಕಾಸು ಬರುವುದಾದರೆ ಬರಲಿ, ಇನ್ನೂ ಹೆಚ್ಚು ಬರಲಿ. ಅವರ ವಿದ್ಯೆಗೆ ಹಳೆಯ ಬಟ್ಟೆಯೇ ತಾಯಿ. ನಾವು ತಾನು ತರಿಸಿ, ಅವಸರಕ್ಕೆ ಮೆಷಿನ್ ಹಾಕಿಸಿ, ಅದೇ ಹೆಸರಿನಲ್ಲಿ ಮಾರಾಟಕ್ಕಿಳಿದರೆ ಅವರ ಅನ್ನಕ್ಕೂ ಅಡ್ಡ ಬಂದಂತೆ.

ಆದ್ದರಿಂದ ನನ್ನ ಬದಲಿ ಸಲಹೆ ಹೀಗಿದೆ. ತಾನು ಕೊಳ್ಳಲು ಎತ್ತಿಟ್ಟ ಹಣ ಹಾಗೆಯೇ ಇರಲಿ. ಮೊದಲು ಮನೆಮನೆಯ ಟ್ರಂಕು ತೆಗೆಸಿ, ಸುಡುವ ಮುನ್ನ ನೂಲಿನ ಬಟ್ಟೆಯನ್ನು ಬೇರ್ಪಡಿಸೋಣ. ಆ ಕೆಲಸಕ್ಕೆ ಕಾಲೇಜಿನ ಹುಡುಗ ಹುಡುಗಿಯರು ಬರಲಿ. ಹೊಲಿಯಲು ನಿವೃತ್ತರಾದ ನಾವು, ವಿಶೇಷವಾಗಿ ಗಂಡಸರು, ಜಗಲಿಗೆ ಬರೋಣ. ಕಲಿಸುವವರಿಗೆ, ಅಂದರೆ ಅಕ್ಕನಂತಹ ಅಜ್ಜಿಯರಿಗೆ, ದಿನದ ಕೂಲಿಯನ್ನು ಆ ಎತ್ತಿಟ್ಟ ಹಣದಿಂದಲೇ ಕೊಡೋಣ. ಅಕ್ಕನಿಗೆ ಈಗ ಎಪ್ಪತ್ತೆಂಟು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾಳೆ, ಪೋಣಿಸಿಕೊಟ್ಟ ಮೇಲೆ ಅವಳ ಕೈ ಇನ್ನೂ ನಡುಗುವುದಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಅವ್ವನ ಸೀರೆಗಳಲ್ಲಿ ಒಂದನ್ನು ತಳಕ್ಕೆ ಹಾಸಲಿದ್ದೇವೆ. ಬರುವವರು ಒಂದು ಹಳೆಯ ಪಂಚೆ ತನ್ನಿ.