ಅಜ್ಜಿಯ ಮಡಿಲು ಮತ್ತು ಕಾರಿನ ವೇಗ

ಕಳೆದ ಸುಗ್ಗಿಯಲ್ಲಿ ಸಿರುಗುಪ್ಪದ ಬೀಗರ ಮನೆಯಿಂದ ಬಳ್ಳಾರಿಗೆ ಮರಳುತ್ತಿದ್ದೆವು. ಕಾರು ನಡೆಸುತ್ತಿದ್ದವನು ನಾನು. ಹಿಂದೆ ಸೊಸೆ, ಮುಂದಿನ ಆಸನದಲ್ಲಿ ನನ್ನ ಶ್ರೀಮತಿ, ಆಕೆಯ ಮಡಿಲಲ್ಲಿ ಹದಿನಾಲ್ಕು ತಿಂಗಳ ಮೊಮ್ಮಗಳು. ತೆಕ್ಕಲಕೋಟೆ ದಾಟಿದ ಮೇಲೆ ಮಬ್ಬುಗತ್ತಲಲ್ಲಿ, ಹಿಂಬದಿ ದೀಪವೇ ಇಲ್ಲದ ಭತ್ತದ ಟ್ರ್ಯಾಕ್ಟರೊಂದು ಥಟ್ಟನೆ ಕಣ್ಣಿಗೆ ಬಿತ್ತು. ಬ್ರೇಕ್ ಒತ್ತಿದೆ, ಕಾರು ನಿಂತಿತು, ಮಗು ನಿಲ್ಲಲಿಲ್ಲ. ಅಜ್ಜಿಯ ಕೈಜಾರಿ ಡ್ಯಾಶ್‌ಬೋರ್ಡಿಗೆ ಹಣೆ ಬಡಿದುಕೊಂಡಿತು. ಮೂರು ಹೊಲಿಗೆಗೆ ಮುಗಿದದ್ದು ನಮ್ಮ ಪುಣ್ಯ. ಸೇವೆಯಲ್ಲಿದ್ದಾಗ ರಸ್ತೆ ಸುರಕ್ಷತಾ ಸಭೆಗಳ ನಡಾವಳಿಗೆ ಎಷ್ಟೋ ಬಾರಿ ಸಹಿ ಹಾಕಿದ್ದ ನನಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ.

ಲೆಕ್ಕ ಸರಳವಾದುದು. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ನಿಂತರೆ, ಒಳಗಿರುವ ಮಗು ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾವ ಪೈಲ್ವಾನನ ತೋಳಿಗೂ ಇಲ್ಲ, ವಾತ್ಸಲ್ಯಕ್ಕೂ ಇಲ್ಲ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನವಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಆದರೆ ಈ ‘ಅಥವಾ’ ಎಂಬ ಪದದಲ್ಲಿಯೇ ತೊಡಕಿದೆ. ದೊಡ್ಡವರ ಬೆಲ್ಟು ಎಳೆಮಗುವಿನ ಕತ್ತು ಮತ್ತು ಹೊಟ್ಟೆಯ ಮೇಲೆ ಬರುತ್ತದೆ, ರಕ್ಷಿಸಬೇಕಾದದ್ದೇ ಗಾಯಗೊಳಿಸಬಹುದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ, ಮಕ್ಕಳ ಆಸನಗಳು ಕಾರಿನಲ್ಲಿ ಒಂದು ವರ್ಷದೊಳಗಿನ ಶಿಶುಗಳ ಸಾವಿನ ಅಪಾಯವನ್ನು ಶೇ 71ರಷ್ಟು, ಒಂದರಿಂದ ನಾಲ್ಕು ವರ್ಷದವರದನ್ನು ಶೇ 54ರಷ್ಟು ತಗ್ಗಿಸುತ್ತವೆ.

ಆದ್ದರಿಂದ ‘ಕನ್ವರ್ಟಿಬಲ್’ ಆಸನ ಕೊಳ್ಳಲು ಹೊರಟೆವು. ಒಂದೇ ಆಸನವನ್ನು ಮೊದಲು ಕಾರಿನ ಹಿಂಬದಿಗೆ ಮುಖಮಾಡಿ, ಮಗು ಬೆಳೆದ ಮೇಲೆ ಮುಂದಕ್ಕೆ ಮುಖಮಾಡಿ ಕಟ್ಟಬಹುದು. ಅಂಗಡಿಯಾತ ತೋರಿಸಿದ ಪೆಟ್ಟಿಗೆಯ ಮೇಲೆ ‘ಹುಟ್ಟಿನಿಂದ 18 ಕೆ.ಜಿ.ವರೆಗೆ’ ಎಂದಿತ್ತು. ಕೈಪಿಡಿ ತೆರೆದರೆ, ಹಿಮ್ಮುಖವಾಗಿ ಕೂರಿಸುವ ಮಿತಿ 13 ಕೆ.ಜಿ. ಮಾತ್ರ! ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಎಳೆಮಗುವಿನ ತಲೆ ಭಾರ, ಕತ್ತು ಬಲಹೀನ. ಹಿಮ್ಮುಖವಾಗಿ ಕುಳಿತಾಗ ಎದುರಿನ ಡಿಕ್ಕಿಯ ಹೊಡೆತವನ್ನು ಆಸನದ ಬೆನ್ನು ಹೊರುತ್ತದೆ. ಆಸನದ ಮಿತಿ ಮುಟ್ಟುವವರೆಗೂ ಮಗುವನ್ನು ಮುಂದಕ್ಕೆ ತಿರುಗಿಸಬೇಡಿ ಎಂಬುದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2018ರಲ್ಲಿ ನೀಡಿದ ಸಲಹೆ. ಕಾಲು ಮಡಚಿಕೊಳ್ಳುತ್ತದೆಂದು ಹಿರಿಯರು ಮರುಗುವುದುಂಟು. ಮಡಚಿದ ಕಾಲಿನಿಂದ ಮಗುವಿಗೆ ಅಪಾಯವಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಬಾಳಿಕೆಯ ವಸ್ತುವಿನ ಬೆಲೆಯನ್ನು ಅದು ಉಪಯೋಗಕ್ಕೆ ಬರುವ ವರ್ಷಗಳಿಂದ ಭಾಗಿಸಿ ನೋಡಬೇಕು. ಹಿಮ್ಮುಖವಾಗಿಯೇ 18 ಕೆ.ಜಿ.ವರೆಗೆ ಬಳಸಬಹುದಾದ ಆಸನದ ಬೆಲೆ ಹೆಚ್ಚೆನಿಸಿದರೂ ಹಾಗೆ ನೋಡಿದಾಗ ದುಬಾರಿಯಲ್ಲ. ಭಾರತದ ಎಐಎಸ್–072 ಅಥವಾ ವಿಶ್ವಸಂಸ್ಥೆಯ ಆರ್44, ಆರ್129 ಮಾನದಂಡದ ಗುರುತು ಇರಲಿ. ಹಣ ಕೊಡುವ ಮೊದಲು ನಿಮ್ಮದೇ ಕಾರಿನಲ್ಲಿ ಕಟ್ಟಿ ನೋಡಿ. ಸಣ್ಣ ಕಾರುಗಳಲ್ಲಿ ಜಾಗವೂ ಬೆಲ್ಟಿನ ಉದ್ದವೂ ಸಾಲದಿರಬಹುದು. ಕಟ್ಟಿದ ಮೇಲೆ ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಆಸನವನ್ನು ಎಂದಿಗೂ ಕಟ್ಟಕೂಡದು.

ನಮ್ಮಲ್ಲಿ ತೊಟ್ಟಿಲು ಮನೆಯಿಂದ ಮನೆಗೆ ಹೋಗುವುದು ಶುಭವೆಂಬ ಭಾವನೆಯಿದೆ. ಈ ಆಸನಕ್ಕೆ ಅದು ಸಲ್ಲದು. ಅಪಘಾತ ಕಂಡಿದೆಯೇ, ಬಳಕೆಯ ಅವಧಿ ಮೀರಿದೆಯೇ ಎಂಬುದು ಖಚಿತವಾಗದೆ ಬಂಧುಗಳಿಂದಲೂ ಪಡೆಯಬಾರದು.

ಈ ಬೇಸಿಗೆಯಲ್ಲಿ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋದೆವು. ಬಳ್ಳಾರಿಯ ಬಿಸಿಲಿಗೆ ಬಕಲ್ ಕಾದು ಕೆಂಡವಾಗುವುದರಿಂದ ಆಸನಕ್ಕೆ ಬಟ್ಟೆ ಹೊದಿಸಿಟ್ಟಿದ್ದೆವು. ಊರು ದಾಟುವವರೆಗೆ ಮಗು ಅತ್ತಿತು, ಆಮೇಲೆ ನಿದ್ರಿಸಿತು. ಎತ್ತಿಕೊಳ್ಳಲು ಶ್ರೀಮತಿ ಎರಡು ಬಾರಿ ಕೈಚಾಚಿ ಹಿಂತೆಗೆದುಕೊಂಡಳು.

ಗರ್ಭಿಣಿಯರಿಗೆ ತಾಯಿ ಕಾರ್ಡ್ ನೀಡುವಾಗಲೇ, ಹುಟ್ಟುವ ಮಗುವಿನ ಪ್ರಯಾಣದ ಕುರಿತೂ ಎರಡು ಮಾತು ತಿಳಿಸುವ ವ್ಯವಸ್ಥೆಯನ್ನು ಸರ್ಕಾರ ಮಾಡಬಹುದು. ಟ್ರ್ಯಾಕ್ಟರುಗಳ ಹಿಂದೆ ಪ್ರತಿಫಲಕ ಪಟ್ಟಿ ಅಂಟಿಸುವುದನ್ನು ಸುಗ್ಗಿಗೆ ಮುನ್ನವೇ ಕಡ್ಡಾಯವಾಗಿ ಜಾರಿಗೊಳಿಸಬೇಕು. ಆದರೆ ಕಾರು ಕೊಳ್ಳಲು ಲಕ್ಷಗಟ್ಟಲೆ ವ್ಯಯಿಸುವ ನಾವು, ಮಗುವಿನ ಆಸನಕ್ಕಾಗಿ ಸರ್ಕಾರದ ಆದೇಶ ಕಾಯಬೇಕಿಲ್ಲ. ನಾನು ಮೂರು ಹೊಲಿಗೆ ಬೀಳುವವರೆಗೆ ಕಾದೆ. ಓದುಗರು ಅಷ್ಟೂ ಕಾಯದಿರಲಿ.