ಹಸಿ ಕೋಳಿಯ ಪರೀಕ್ಷೆ ಅಂಗಡಿಯಿಂದಲೇ ಶುರುವಾಗಲಿ

2014ರ ಫೆಬ್ರುವರಿಯಿಂದ ಒಂದು ವರ್ಷ ಕಾಲ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಅಂಗಡಿಗಳಿಂದ ಹಸಿ ಕೋಳಿಗಳನ್ನು ಕೊಂಡು ಪ್ರಯೋಗಾಲಯಕ್ಕೆ ಕಳಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕೋಳಿಗಳ ಪೈಕಿ ಶೇ 73ರಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಸಿಕ್ಕಿತು. ಶೇ 19ರಲ್ಲಂತೂ ಅದರ ಪ್ರಮಾಣ ವಿಪರೀತವಾಗಿತ್ತು. ಜ್ವರ, ಹೊಟ್ಟೆನೋವು, ಭೇದಿ ತರುವ ಬ್ಯಾಕ್ಟೀರಿಯಾ ಅದು. ಸಂಸ್ಥೆ ಈ ವರದಿಯನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಲಿಲ್ಲ. ಯಾವ ಸೂಪರ್‌ಮಾರ್ಕೆಟ್‌ನ ಕೋಳಿಯಲ್ಲಿ ಎಷ್ಟು ಎಂದು ಹೆಸರು ಹಿಡಿದು ಪ್ರಕಟಿಸಿತು.

ಹೆಸರು ಬೀದಿಗೆ ಬಿದ್ದ ಮೇಲೆ ಕಂಪನಿಗಳು ಮೈಕೊಡವಿ ಎದ್ದವು. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಕೂರುವುದು ಕತ್ತಿನ ಚರ್ಮದಲ್ಲಿ. ಹಲವು ಕಡೆ ಅದನ್ನು ಮಾರಾಟಕ್ಕೆ ಮೊದಲೇ ಕತ್ತರಿಸಿ ತೆಗೆಯತೊಡಗಿದರು. 2016ರಲ್ಲಿ ಜನರಿಗೆ ಈ ಸೋಂಕು ತಗುಲಿದ್ದನ್ನು ಪ್ರಯೋಗಾಲಯಗಳು ಖಚಿತಪಡಿಸಿದ ಪ್ರಕರಣಗಳು ಶೇ 17ರಷ್ಟು ಇಳಿದವು.

ಕರ್ನಾಟಕದಲ್ಲೂ ಪರೀಕ್ಷೆಯ ಬಲ ಕಂಡದ್ದುಂಟು. 2024ರ ಜೂನ್‌ನಲ್ಲಿ ಕಬಾಬ್‌ನ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ಗೊತ್ತಾದೊಡನೆ ಸರ್ಕಾರ ಅದಕ್ಕೆ ಬಳಸುವ ಕೃತಕ ಬಣ್ಣವನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ಬಣ್ಣ ಕಣ್ಣಿಗೆ ಬೀಳುತ್ತದೆ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬೀಳುವುದಿಲ್ಲ. ಕಬಾಬ್ ಆಗುವ ಕೋಳಿ ಹಸಿಯಾಗಿ ಅಂಗಡಿಯಲ್ಲಿದ್ದಾಗ ಮೈಮೇಲೆ ಏನಿತ್ತು ಎಂಬ ಪ್ರಶ್ನೆ ಅಷ್ಟು ಜೋರಾಗಿ ಏಳಲಿಲ್ಲ.

ಏಳದಿರಲು ಒಂದು ನಂಬಿಕೆಯೂ ಕಾರಣ: ಕಣ್ಣೆದುರಿಗೇ ಕೊಯ್ದ ಕೋಳಿ ಶುದ್ಧ ಎಂಬುದು. ತಾಜಾ ಎನ್ನುವುದು ನಿಜ, ಶುದ್ಧ ಎನ್ನಲಾಗದು. ಈ ಬ್ಯಾಕ್ಟೀರಿಯಾಗಳು ಜೀವಂತ ಕೋಳಿಯ ಕರುಳಲ್ಲೇ ಇರುತ್ತವೆ, ಎಷ್ಟೋ ಸಲ ಕೋಳಿಗೆ ಕಾಯಿಲೆಯನ್ನೂ ತರುವುದಿಲ್ಲ. ಕರುಳು ಹರಿದಾಗ, ಪುಕ್ಕ ತೆಗೆಯುವ ಯಂತ್ರದಲ್ಲಿ ಒಂದರ ಹಿಂದೊಂದು ಕೋಳಿ ತಿರುಗುವಾಗ, ಒಂದೇ ಚಾಕು, ಒಂದೇ ಮರದ ದಿಮ್ಮಿ, ಒಂದೇ ಬಕೆಟ್ ನೀರಿನಲ್ಲಿ ದಿನವಿಡೀ ಕೆಲಸ ಸಾಗುವಾಗ ಒಂದರ ಕೊಳೆ ಇನ್ನೊಂದಕ್ಕೆ ಅಂಟುತ್ತದೆ. ಮೂಗಿಗೆ ವಾಸನೆಯೂ ಬರುವುದಿಲ್ಲ.

ಮನೆಗೆ ತಂದ ಮೇಲೆ ಉಪ್ಪು, ಅರಿಶಿನ ಹಾಕಿ ಮೂರ್ನಾಲ್ಕು ನೀರಿನಲ್ಲಿ ತೊಳೆಯುವುದು ನಮ್ಮಲ್ಲಿ ರೂಢಿ. ಹಸಿ ಕೋಳಿಯನ್ನು ತೊಳೆಯಲೇಬೇಡಿ ಎಂದು ಬ್ರಿಟನ್ನಿನ ಅದೇ ಸಂಸ್ಥೆ 2014ರಲ್ಲಿ ಜನರನ್ನು ಕೇಳಿಕೊಂಡಿತ್ತು. ನಲ್ಲಿಯ ಕೆಳಗೆ ಸಿಡಿಯುವ ಹನಿಗಳು ಬ್ಯಾಕ್ಟೀರಿಯಾವನ್ನು ಸಿಂಕಿನ ಸುತ್ತೆಲ್ಲ ಹರಡುತ್ತವೆ. ಕೊತಕೊತ ಕುದಿದ ಸಾರಿನಲ್ಲಿ ಅವು ಉಳಿಯುವುದಿಲ್ಲ. ಅಪಾಯವಿರುವುದು ಕೋಳಿ ಹೆಚ್ಚಿದ ಮಣೆಯ ಮೇಲೆಯೇ ಈರುಳ್ಳಿ, ಸೌತೆಕಾಯಿ ಹೆಚ್ಚಿ ಹಸಿಯಾಗಿ ತಿನ್ನುವುದರಲ್ಲಿ. ಮಣೆ, ಚಾಕು, ಕೈಗಳನ್ನು ಸೋಪು ಹಚ್ಚಿ ತೊಳೆದರೆ ಅರ್ಧ ಗೆದ್ದಂತೆ.

ಉಳಿದರ್ಧವನ್ನು ಅಡುಗೆ ಮಾಡುವವರ ತಲೆಗೆ ಕಟ್ಟುವುದು ಅನ್ಯಾಯ. ಹಾಗೆಂದು ಬೀದಿಬದಿಯ ಚಿಕನ್ ಅಂಗಡಿಯವನ ಮೇಲೆ ಮೊದಲು ಎರಗುವುದೂ ತಪ್ಪು. ಹರಿಯುವ ನೀರು, ನೆಟ್ಟಗಿನ ಚರಂಡಿ ಇಲ್ಲದ ಮಾರುಕಟ್ಟೆಯಲ್ಲಿ ಅವನಿಂದ ಸ್ವಚ್ಛತೆ ಬಯಸುವ ನಗರಾಡಳಿತ, ಅವೆರಡನ್ನೂ ಒದಗಿಸಿ ಆಮೇಲೆ ದಂಡದ ರಸೀದಿ ಹರಿಯಲಿ. ಪರೀಕ್ಷೆ ಶುರುವಾಗಬೇಕಾದದ್ದು ದೊಡ್ಡ ಪೂರೈಕೆದಾರರಿಂದ, ಪೊಟ್ಟಣ ಕಟ್ಟಿ ಮಾರುವ ಸರಣಿ ಮಳಿಗೆಗಳಿಂದ. ಮಾಂಸಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗೊತ್ತುಮಾಡಿದ ಸೂಕ್ಷ್ಮಜೀವಿ ಮಾನದಂಡಗಳು ಇದ್ದೇ ಇವೆ. ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಮೂರು ತಿಂಗಳಿಗೊಮ್ಮೆ ಮಾದರಿ ತೆಗೆದು, ಫಲಿತಾಂಶವನ್ನು ಮಾರಾಟಗಾರರ ಹೆಸರಿನೊಂದಿಗೆ, ಜಿಲ್ಲಾವಾರು, ಕನ್ನಡದಲ್ಲಿ ಪ್ರಕಟಿಸಲಿ.