ರಾಗಿಗೆ ಏಟು ಬೇಡ

ನಮ್ಮ ಮನೆಯಲ್ಲಿ ರಾಗಿ ಅಂತ ಒಂದು ನಾಯಿ ಇದೆ. ಎರಡು ವರ್ಷದ ಬಾರ್ಡರ್ ಕೋಲಿ. ಕಂದು ಬಣ್ಣ, ಅದಕ್ಕೇ ಆ ಹೆಸರು. ಕಳೆದ ಬೇಸಿಗೆಯಲ್ಲಿ ನನ್ನ ತಮ್ಮ ಪಾರ್ಕಿನಲ್ಲಿ ಗೆಳೆಯರ ಜೊತೆ ಓಡಿ ಆಡುತ್ತಿದ್ದಾಗ ರಾಗಿ ಅವರ ಸುತ್ತ ಸುತ್ತಿ, ಕೊನೆಗೆ ತಮ್ಮನ ಹಿಮ್ಮಡಿಗೆ ಬಾಯಿ ಹಾಕಿದಳು. ರಕ್ತ ಬರಲಿಲ್ಲ. ಆದರೆ ಹಲ್ಲಿನ ಗುರುತು ಬಿತ್ತು, ತಮ್ಮ ತುಂಬಾ ಅತ್ತ.

ಅವತ್ತು ರಾತ್ರಿ ಮನೆಯಲ್ಲಿ ದೊಡ್ಡ ಚರ್ಚೆ. ಹಾವೇರಿಯಿಂದ ಅಜ್ಜ ಫೋನಿನಲ್ಲಿ, "ದಂಡಂ ದಶಗುಣಂ. ಎರಡು ಏಟು ಹಾಕು, ತಾನೇ ಸರಿ ಹೋಗ್ತೈತಿ" ಅಂದರು. ಪಕ್ಕದ ಮನೆಯವರು ಶಾಕ್ ಕೊಡುವ ಕಾಲರ್ ಕಟ್ಟಿ ಅಂದರು. ಅಮ್ಮ ಮಾತ್ರ ಮೆಲ್ಲಗೆ, "ಇನ್ನೊಂದು ಸಲ ಹೀಗಾದರೆ ರಾಗಿಯನ್ನು ಯಾರಿಗಾದರೂ ಕೊಟ್ಟುಬಿಡೋಣ" ಅಂದರು. ನನಗೆ ನಿದ್ದೆ ಬರಲಿಲ್ಲ.

ರಾಗಿ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವಳು ಸಿಟ್ಟಿನಿಂದ ಕಚ್ಚಲಿಲ್ಲ. ಬಾರ್ಡರ್ ಅಂದರೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಗಡಿ. ಅಲ್ಲಿ ಕುರಿಗಳನ್ನು ನಡೆಸಲೆಂದೇ ಈ ತಳಿ ಬೆಳೆಯಿತು. ನಾವಿರುವ ನ್ಯೂಕಾಸಲ್‌ನ ಉತ್ತರಕ್ಕೆ ಇರುವ ನಾರ್ತಂಬರ್ಲೆಂಡ್‌ನಲ್ಲಿ 1893ರಲ್ಲಿ ಹುಟ್ಟಿದ 'ಓಲ್ಡ್ ಹೆಂಪ್' ಎಂಬ ನಾಯಿಯನ್ನು ಇವುಗಳ ಮೂಲಪುರುಷ ಅನ್ನುತ್ತಾರೆ. ಮೈ ತಗ್ಗಿಸಿ, ದಿಟ್ಟಿಸಿ, ಸುತ್ತು ಹಾಕಿ ಗುಂಪು ಸೇರಿಸುವುದು ರಾಗಿಯ ರಕ್ತದಲ್ಲೇ ಇದೆ. ಕುರಿ ಇಲ್ಲದ ಮನೆಯಲ್ಲಿ ನನ್ನ ತಮ್ಮನೇ ಕುರಿ!

ನಾಯಿಗಳಿಗೆ ತರಬೇತಿ ಕೊಡುವವರೊಬ್ಬರು ನಮಗೆ ಹೇಳಿಕೊಟ್ಟದ್ದು ಇಷ್ಟೇ: ನಿಮಗೆ ಬೇಕಾದದ್ದನ್ನು ನಾಯಿ ಮಾಡಿದ ಕ್ಷಣವೇ ಬಹುಮಾನ ಕೊಡಿ. ನಾವು ರಾಗಿಗೆ ಉದ್ದ ಹಗ್ಗ ಕಟ್ಟಿ, ತಮ್ಮನಿಗೆ ದೂರದಲ್ಲಿ ನಿಧಾನವಾಗಿ ನಡೆಯಲು ಹೇಳಿದೆವು. ಅವಳು ತಲೆ ತಗ್ಗಿಸಿ ದಿಟ್ಟಿಸುವ ಮೊದಲೇ ನಾನು "ರಾಗಿ, ಬಾ" ಅನ್ನುತ್ತಿದ್ದೆ. ನನ್ನ ಕಡೆ ತಿರುಗಿದ ತಕ್ಷಣ ಒಂದು ಚೂರು ಚೀಸ್. ದಿನಕ್ಕೆ ಎರಡು ಸಲ, ಐದೈದು ನಿಮಿಷ, ತಿಂಗಳುಗಟ್ಟಲೆ. ಆಮೇಲೆ ತಮ್ಮ ಸ್ವಲ್ಪ ಹತ್ತಿರ ಬಂದ, ಆಮೇಲೆ ಓಡಿದ. ಅಟ್ಟಿಸಿಕೊಂಡು ಹೋಗುವ ಆಸೆ ತೀರಲಿ ಅಂತ ದಿನಾ ಚೆಂಡಾಟ ಬೇರೆ. ಮೊದಮೊದಲು ನಾನು "ಬಾ", ಅಪ್ಪ "ಕಮ್", ಅಮ್ಮ "ಬಾರೇ ಇಲ್ಲಿ" ಅಂತ ಕರೆದು ಅವಳಿಗೆ ಗೊಂದಲ ಮಾಡಿದ್ದೆವು. ಈಗ ಎಲ್ಲರದೂ ಒಂದೇ ಮಾತು, "ಬಾ".

"ಇದು ಲಂಚ ಅಲ್ವಾ?" ಅಂತ ನೀವು ಕೇಳಬಹುದು. ಲಂಚವನ್ನು ಕೆಲಸಕ್ಕೆ ಮೊದಲೇ ತೋರಿಸುತ್ತಾರೆ. ಬಹುಮಾನ ಕೆಲಸ ಆದ ಮೇಲೆ ಸಿಗುತ್ತದೆ. ಅಪ್ಪನಿಗೂ ಸಂಬಳ ಬರುವುದು ತಿಂಗಳ ಕೊನೆಗೆ ತಾನೇ? ಇನ್ನು ಶಾಕ್ ಕಾಲರ್ ವಿಷಯ. ತಮ್ಮನನ್ನು ನೋಡಿದಾಗಲೆಲ್ಲ ಕುತ್ತಿಗೆಗೆ ನೋವಾದರೆ, "ಈ ಹುಡುಗ ಬಂದರೆ ನೋವು" ಅಂತ ರಾಗಿ ಕಲಿಯಬಹುದು. ಆಗ ಹೆದರಿ ನಿಜವಾಗಿಯೂ ಕಚ್ಚಬಹುದು. ವೇಲ್ಸ್‌ನಲ್ಲಿ 2010ರಲ್ಲೇ ಇಂಥ ಕಾಲರ್‌ಗಳನ್ನು ನಿಷೇಧಿಸಿದ್ದಾರೆ.

ಪ್ರೀತಿಯಿಂದ ಕಲಿಸಿದರೆ ನಾಯಿ ಎಷ್ಟು ಕಲಿಯಬಲ್ಲದು ಗೊತ್ತಾ? ಅಮೆರಿಕದಲ್ಲಿ ಜಾನ್ ಪಿಲ್ಲಿ ಎಂಬ ನಿವೃತ್ತ ಪ್ರಾಧ್ಯಾಪಕರು ಚೇಸರ್ ಎಂಬ ಬಾರ್ಡರ್ ಕೋಲಿಗೆ ಮೂರು ವರ್ಷದಲ್ಲಿ 1,022 ಆಟಿಕೆಗಳ ಹೆಸರು ಕಲಿಸಿದರು. ಅವಳಿಗೆ ಸಿಗುತ್ತಿದ್ದ ಬಹುಮಾನ ಆಟ ಮತ್ತು ಮೆಚ್ಚುಗೆ.

ಹಾಗಂತ ಚೀಸ್ ಎಲ್ಲದಕ್ಕೂ ಮದ್ದಲ್ಲ. ಕುರಿ ಮೇಯುವ ಹೊಲಗಳ ಹತ್ತಿರ ನಾವು ರಾಗಿಯ ಹಗ್ಗ ಬಿಚ್ಚುವುದೇ ಇಲ್ಲ. ಸೈಕಲ್ ಹೋದರೆ ಅವಳ ಕಿವಿ ಈಗಲೂ ನಿಮಿರುತ್ತದೆ. ಆದರೆ ಹಿಂದೆ ಓಡುವ ಬದಲು ನನ್ನ ಮುಖ ನೋಡುತ್ತಾಳೆ. ಅಮ್ಮ ಮತ್ತೆ ಕೊಟ್ಟುಬಿಡುವ ಮಾತು ಎತ್ತಿಲ್ಲ. ಅಜ್ಜ ವಿಡಿಯೋ ಕಾಲಿನಲ್ಲಿ "ಬಾ" ಅಂದರೆ ಸಾಕು, ಫೋನಿನ ಹತ್ತಿರ ಓಡಿಬರುತ್ತಾಳೆ. ಅಜ್ಜನಿಗೂ ಅದೇ ಖುಷಿ.

ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ನಾಳೆ ಒಂದು ಕೆಲಸ ಮಾಡಿ. ಅದು ತಪ್ಪು ಮಾಡುವವರೆಗೆ ಕಾಯಬೇಡಿ. ಸುಮ್ಮನೆ ಚೆನ್ನಾಗಿ ಕೂತಿದ್ದಾಗಲೇ "ಶಭಾಷ್" ಅನ್ನಿ. ಅಪ್ಪ ಅಮ್ಮಂದಿರೇ, ನಾವು ಕನ್ನಡದಲ್ಲಿ ಒಂದು ವಾಕ್ಯ ಸರಿಯಾಗಿ ಹೇಳಿದಾಗಲೂ ಹಾಗೇ ಅನ್ನಬಹುದು. ಚೀಸ್ ಕೊಟ್ಟರೂ ಬೇಡ ಅನ್ನಲ್ಲ!